ಗ್ಯಾಸ್ ಖಾಲಿಯಾಗಿರಲಿಲ್ಲ

ಕಲಬುರಗಿ, 20 ಏಪ್ರಿಲ್ 2025, ಭಾನುವಾರ

ನಮ್ಮ 2004ರ ಕಾರಿನ ಎಸಿ ಕೆಲವು ವಾರಗಳಿಂದ ಒಂದೇ ರೀತಿಯಲ್ಲಿ ಕೈಕೊಡುತ್ತಿತ್ತು. ಬೆಳಿಗ್ಗೆ ಹಚ್ಚಿದರೆ ಚೆನ್ನಾಗಿ ತಂಪಾಗುತ್ತಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಅರ್ಧ ಗಂಟೆ ಊರೊಳಗೆ ಓಡಾಡಿದರೆ ಗಾಳಿ ಇದ್ದಕ್ಕಿದ್ದಂತೆ ಬಿಸಿಯಾಗುತ್ತಿತ್ತು. ನೆರಳಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಮತ್ತೆ ಹೊರಟರೆ ತಂಪು ಮರಳುತ್ತಿತ್ತು. ಏಪ್ರಿಲ್‌ನಲ್ಲಿ 40 ಡಿಗ್ರಿ ಮುಟ್ಟುವ ಈ ಊರಿನಲ್ಲಿ ವಯಸ್ಸಾದ ಅಪ್ಪನವರನ್ನು ಕೂರಿಸಿಕೊಂಡು ಹೋಗುವಾಗ ಇದನ್ನು ಹಾಗೆಯೇ ಬಿಡುವಂತಿರಲಿಲ್ಲ. ಇಂದು ರಜೆ ಇದ್ದುದರಿಂದ ಮೂಲ ಹುಡುಕಲು ಕುಳಿತೆ, ಕಾರಣವೂ ಸಿಕ್ಕಿತು. ಹಳೆಯ ಕಾರು ಇಟ್ಟುಕೊಂಡವರಿಗೆ ಉಪಯೋಗವಾಗಬಹುದೆಂದು ವಿವರವಾಗಿ ಬರೆದಿಡುತ್ತಿದ್ದೇನೆ.

ಈ ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಬಾನೆಟ್ ಎತ್ತುವ ಮುಂಚೆಯೇ ಉತ್ತರ ಬಂದಿತ್ತು: “ಗ್ಯಾಸ್ ಖಾಲಿ ಆಗ್ಯಾದ್ರಿ ಸರ, ತುಂಬಿಸಿಬಿಡ್ರಿ.” ನನಗೆ ಇದು ಒಪ್ಪಿಗೆಯಾಗಲಿಲ್ಲ. ಎಸಿಯ ಗ್ಯಾಸ್ ಪೆಟ್ರೋಲಿನಂತೆ ಉರಿದು ತೀರುವ ವಸ್ತುವಲ್ಲ. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್, ಅದರ ಬಿಸಿಯನ್ನು ಹೊರಹಾಕುವ ಕಂಡೆನ್ಸರ್, ಒತ್ತಡ ಇಳಿಸುವ ಎಕ್ಸ್‌ಪಾನ್ಷನ್ ವಾಲ್ವ್, ಕಾರಿನೊಳಗಿನ ಗಾಳಿಯನ್ನು ತಂಪಾಗಿಸುವ ಕೂಲಿಂಗ್ ಕಾಯಿಲ್ ಇವುಗಳ ನಡುವೆ ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಮತ್ತೆ ಮತ್ತೆ ಸುತ್ತುತ್ತದೆ. ಅದು ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಸೋರಿಕೆ ಹುಡುಕದೆ ತುಂಬಿಸಿದ ಗ್ಯಾಸ್ ಮುಂದಿನ ಬೇಸಿಗೆಯೊಳಗೆ ಅದೇ ದಾರಿ ಹಿಡಿಯುತ್ತದೆ. ಅಲ್ಲದೆ ಗ್ಯಾಸ್ ನಿಜವಾಗಿ ಕಡಿಮೆಯಿದ್ದರೆ ಬೆಳಗಿನ ತಂಪೂ ಮಂಕಾಗಿರಬೇಕಿತ್ತು. ನಮ್ಮ ಕಾರಿನಲ್ಲಿ ಹಾಗಿರಲಿಲ್ಲ.

ನಮ್ಮ ಓಣಿಯಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸದಲ್ಲಿ ತಲೆ ನೆರೆದ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ. ಗ್ಯಾಸಿನ ಒತ್ತಡ ಅಳೆಯುವ ಗೇಜ್ ಕೇಳಲು ಹೋದಾಗ ಅವರು ಹೇಳಿದ್ದು ಇಷ್ಟೇ: “ಮೊದ್ಲ ಫ್ಯಾನ್ ನೋಡು ತಮ್ಮಾ, ಗೇಜ್ ಆಮ್ಯಾಲ ಹಚ್ಚು.” ಹಾಗೆಯೇ ಮಾಡಿದೆ. ಎಸಿ ಹಚ್ಚಿದ ಕೂಡಲೇ ಕಂಡೆನ್ಸರ್ ಮುಂದಿನ ಫ್ಯಾನ್ ತಿರುಗಿತು. ಅದು ನಿಂತಿದ್ದರೆ ಕಾರು ಓಡುವಾಗ ತಂಪಿದ್ದು ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತಿತ್ತು. ಕಂಡೆನ್ಸರಿನ ತೆಳುವಾದ ರೆಕ್ಕೆಗಳ ನಡುವೆ ಮಣ್ಣು, ಸತ್ತ ಹುಳು, ತೊಗರಿ ಹೊಟ್ಟು ಸೇರಿಕೊಂಡಿದ್ದವು, ಸಾದಾ ಪೈಪಿನ ನೀರಿನಿಂದ ತೊಳೆದೆ. ಒತ್ತಡದ ವಾಷರ್ ಹಿಡಿದರೆ ಆ ರೆಕ್ಕೆಗಳು ಮಡಿಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ, ಆದ್ದರಿಂದ ಅದನ್ನು ಬಳಸಲಿಲ್ಲ.

ನಂತರ ಗೇಜ್. ಅದರ ಒಂದು ಮುಳ್ಳು ಕಂಪ್ರೆಸರಿಗೆ ಮರಳುವ ಗ್ಯಾಸಿನ ಒತ್ತಡವನ್ನು (ಲೋ ಸೈಡ್), ಇನ್ನೊಂದು ಅದರಿಂದ ಹೊರಡುವ ಗ್ಯಾಸಿನ ಒತ್ತಡವನ್ನು (ಹೈ ಸೈಡ್) ತೋರಿಸುತ್ತದೆ. ಇಂಜಿನ್ ಆರಿಸಿ ತಣ್ಣಗಿರುವಾಗ ಎರಡೂ ಮುಳ್ಳುಗಳು ಒಂದೇ ಕಡೆ ನಿಲ್ಲುತ್ತವೆ. ನಮ್ಮ ಕಾರಿನ ಎಸಿಯಲ್ಲಿರುವ ಆರ್-134ಎ ಗ್ಯಾಸಿಗೆ 30 ಡಿಗ್ರಿಯಲ್ಲಿ ಆ ಒತ್ತಡ ಸುಮಾರು 97 ಪಿಎಸ್‌ಐ. ಆದರೆ ಈ ಅಂಕಿಯಿಂದ ಕೊಳವೆಯೊಳಗೆ ಸ್ವಲ್ಪವಾದರೂ ದ್ರವ ಉಳಿದಿದೆಯೆಂದು ತಿಳಿಯುತ್ತದೆಯೇ ಹೊರತು ಎಷ್ಟಿದೆಯೆಂದು ತಿಳಿಯುವುದಿಲ್ಲ. ನಿಂತ ಇಂಜಿನ್ನಿನ ಈ ಅಂಕಿಯನ್ನು ತೋರಿಸಿ ಗ್ಯಾಸ್ ತುಂಬಿದೆ ಎನ್ನುವವರನ್ನೂ, ಖಾಲಿಯಾಗಿದೆ ಎನ್ನುವವರನ್ನೂ ನಂಬಬಾರದು. ಇಂಜಿನ್ ಓಡುವಾಗ ನಮ್ಮ ಕಾರಿನಲ್ಲಿ ಲೋ ಸೈಡ್ 40ರ ಹತ್ತಿರ, ಹೈ ಸೈಡ್ 240ರ ಹತ್ತಿರ ನಿಂತವು. ಈ ಬಿಸಿಲಿಗೆ ಅದು ಸರಿಯಾದ ಲೆಕ್ಕವೇ. ಗ್ಯಾಸಿನ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಗೇಜ್ ತೆಗೆಯದೆ ಹಾಗೆಯೇ ಕಾಯುತ್ತ ಕುಳಿತೆ. ಇಂಜಿನ್ ಕೋಣೆ ಪೂರ್ತಿ ಕಾದ ಮೇಲೆ ‘ಟಕ್’ ಎಂಬ ಸದ್ದಾಗಿ ಒಂದು ಮುಳ್ಳು ಇಳಿಯತೊಡಗಿತು, ಇನ್ನೊಂದು ಏರತೊಡಗಿತು. ಎರಡೂ ಒಂದನ್ನೊಂದು ಸಮೀಪಿಸುತ್ತಿದ್ದವು. ಕಂಪ್ರೆಸರ್ ನಿಂತಿದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ಬೇಕಿಲ್ಲ. ಬಗ್ಗಿ ನೋಡಿದರೆ ಬೆಲ್ಟ್ ಮತ್ತು ಪುಲ್ಲಿ ತಿರುಗುತ್ತಿದ್ದವು, ಪುಲ್ಲಿಗೆ ಕಚ್ಚಿಕೊಂಡು ಕಂಪ್ರೆಸರನ್ನು ತಿರುಗಿಸಬೇಕಾದ, ಪುಲ್ಲಿಯ ಮುಂದಿರುವ ಕ್ಲಚ್ ಪ್ಲೇಟ್ ಮಾತ್ರ ಅಲುಗದೆ ನಿಂತಿತ್ತು. ಕ್ಲಚ್ಚಿಗೆ ಹೋಗುವ ವೈರಿಗೆ ಮಲ್ಟಿಮೀಟರ್ ಹಿಡಿದಾಗ 13 ವೋಲ್ಟಿಗಿಂತ ಹೆಚ್ಚೇ ತೋರಿಸಿತು. ಅಲ್ಲಿಯವರೆಗೆ ವಿದ್ಯುತ್ ಬರುತ್ತಿದೆ ಎಂದಮೇಲೆ ಫ್ಯೂಸ್, ರಿಲೇ, ಪ್ರೆಷರ್ ಸ್ವಿಚ್, ಕೂಲಿಂಗ್ ಕಾಯಿಲ್ ಅತಿಯಾಗಿ ತಣ್ಣಗಾದಾಗ ಕ್ಲಚ್ ಬಿಡಿಸುವ ಥರ್ಮಿಸ್ಟರ್ ಎಲ್ಲವೂ ತಮ್ಮ ಕೆಲಸ ಮಾಡಿವೆ. ವೋಲ್ಟೇಜ್ ಇಲ್ಲದಿದ್ದರೆ ಅವುಗಳನ್ನೇ ಒಂದೊಂದಾಗಿ ನೋಡಬೇಕಾಗುತ್ತಿತ್ತು.

ಇಲ್ಲಿ ಇನ್ನೊಂದು ವಿಷಯವನ್ನು ಹೇಳಲೇಬೇಕು. ಥರ್ಮಿಸ್ಟರ್ ಕೆಟ್ಟು ಕೂಲಿಂಗ್ ಕಾಯಿಲ್ ಮೇಲೆ ಮಂಜು ಕಟ್ಟಿದರೂ ಹೊರಗಿನ ಲಕ್ಷಣ ಬಹುಮಟ್ಟಿಗೆ ಹೀಗೆಯೇ ಇರುತ್ತದೆ: ಮೊದಲು ತಂಪು, ಆಮೇಲೆ ಇಲ್ಲ, ನಿಲ್ಲಿಸಿ ಹೊರಟರೆ ಮತ್ತೆ ತಂಪು. ಆದರೆ ಆಗ ಬ್ಲೋವರ್ ಜೋರಾಗಿ ತಿರುಗುತ್ತಿದ್ದರೂ ಗಾಳಿಯೇ ಕಡಿಮೆಯಾಗುತ್ತದೆ, ನಿಲ್ಲಿಸಿದ ಮೇಲೆ ಕಾರಿನ ಕೆಳಗೆ ನೀರು ಹರಿಯುತ್ತದೆ. ಮಂಗಳೂರಿನಂಥ ತೇವದ ಹವೆಯಲ್ಲಿ ನಾನು ಮೊದಲು ಇದನ್ನೇ ಶಂಕಿಸುತ್ತಿದ್ದೆ. ನಮ್ಮ ಕಾರಿನಲ್ಲಿ ಗಾಳಿಯ ರಭಸ ಕುಗ್ಗಿರಲಿಲ್ಲ, ಬಿಸಿಯಾಗಿತ್ತು ಅಷ್ಟೇ.

ಅಂಗಿಯ ತೋಳನ್ನು ಮೇಲಕ್ಕೆ ಮಡಿಸಿ, ಉದ್ದನೆಯ ಕಟ್ಟಿಗೆಯ ತುದಿಯಿಂದ ಕ್ಲಚ್ ಪ್ಲೇಟಿನ ಅಂಚನ್ನು ಪುಲ್ಲಿಯ ಕಡೆಗೆ ಮೆಲ್ಲಗೆ ಒತ್ತಿದೆ. ತಕ್ಷಣ ಅದು ಕಚ್ಚಿಕೊಂಡು ತಿರುಗತೊಡಗಿತು, ಮುಳ್ಳುಗಳು ಮತ್ತೆ ದೂರ ಸರಿದವು. ಬೆಲ್ಟ್ ಓಡುತ್ತಿರುವಾಗ ಮಾಡುವ ಕೆಲಸವಿದು. ಅಭ್ಯಾಸವಿಲ್ಲದವರು ದಯವಿಟ್ಟು ಕೈ ಹಾಕಬೇಡಿ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಪ್ಲೇಟಿಗೂ ಪುಲ್ಲಿಗೂ ನಡುವೆ ಸಂದು ಅಳೆಯುವ ತೆಳು ಪಟ್ಟಿಯಾದ ಫೀಲರ್ ಗೇಜ್ ತೂರಿಸಿದೆ. ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್ ಇರಬೇಕಾದ ಸಂದು 0.9ರಷ್ಟಿತ್ತು.

ಇಷ್ಟು ಸಣ್ಣ ವ್ಯತ್ಯಾಸ ಬೆಳಿಗ್ಗೆ ಸುಮ್ಮನಿದ್ದು ಮಧ್ಯಾಹ್ನ ಏಕೆ ತೊಂದರೆ ಕೊಡುತ್ತದೆ ಎನ್ನುವುದು ಈ ದಿನ ನನಗೆ ಬಹಳ ಹಿಡಿಸಿದ ಭಾಗ. ಕ್ಲಚ್ ಪ್ಲೇಟನ್ನು ಎಳೆಯುವುದು ಒಂದು ವಿದ್ಯುತ್ಕಾಂತ, ಅದರ ಸುರುಳಿ ತಾಮ್ರದ್ದು. ಪ್ರತಿ ಡಿಗ್ರಿ ಬಿಸಿಗೆ ತಾಮ್ರದ ರೋಧ ಸುಮಾರು ಶೇ 0.4ರಷ್ಟು ಏರುತ್ತದೆ; ಇಂಜಿನ್ನಿನ ಪಕ್ಕದಲ್ಲಿ ಸುರುಳಿ 80 ಡಿಗ್ರಿಯಷ್ಟು ಹೆಚ್ಚು ಕಾದರೆ ರೋಧ ಮೂರರಲ್ಲೊಂದು ಭಾಗದಷ್ಟು ಬೆಳೆದಿರುತ್ತದೆ. ವೋಲ್ಟೇಜ್ ಅಷ್ಟೇ ಇರುವುದರಿಂದ ಹರಿಯುವ ವಿದ್ಯುತ್ ಇಳಿಯುತ್ತದೆ, ಅದರೊಂದಿಗೆ ಎಳೆತವೂ ಸೊರಗುತ್ತದೆ. ಹೊಸ ಕ್ಲಚ್ಚಿನ ಕಿರಿದಾದ ಸಂದಿಗೆ ಆ ಸೊರಗಿದ ಎಳೆತವೂ ಸಾಕು. ವರ್ಷಗಳ ಉಜ್ಜಾಟದಲ್ಲಿ ಸವೆದು ಸಂದು ಅಗಲವಾಗಿರುವ ಹಳೆಯ ಕ್ಲಚ್ಚಿಗೆ, ಥರ್ಮಿಸ್ಟರ್ ಒಮ್ಮೆ ಬಿಡಿಸಿದ ಮೇಲೆ, ಮತ್ತೆ ಕಚ್ಚಿಕೊಳ್ಳುವ ಶಕ್ತಿ ಇರುವುದಿಲ್ಲ.

ರಿಪೇರಿ ಸರಳವಾಗಿತ್ತು. ನಡುವಿನ ಬೋಲ್ಟ್ ಬಿಚ್ಚಿ, ಪ್ಲೇಟ್ ಹೊರಗೆಳೆದು, ಅದರ ಹಿಂದಿದ್ದ ತೆಳು ವಾಷರಿನಂಥ ಷಿಮ್‌ಗಳಲ್ಲಿ ಒಂದನ್ನು ತೆಗೆದು ಮತ್ತೆ ಬಿಗಿದೆ. ಸುತ್ತಲೂ ಬೇರೆ ಬೇರೆ ಕಡೆ ಅಳೆದಾಗ ಸಂದು 0.5ರ ಆಸುಪಾಸಿನಲ್ಲಿ ಬಂತು. ಹೊಸ ಬಿಡಿಭಾಗ ಬೇಕಾಗಲಿಲ್ಲ, ಗ್ಯಾಸಿನ ಕೊಳವೆ ಬಿಚ್ಚಬೇಕಾಗಲಿಲ್ಲ.

ಈ ಕೊನೆಯ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. “ಗ್ಯಾಸ್ ತುಂಬಿಸುವುದು” ಎಂದರೆ ಎಷ್ಟೋ ಕಡೆ ಇರುವ ಗ್ಯಾಸನ್ನು ಗಾಳಿಗೆ ಬಿಟ್ಟು ಹೊಸದನ್ನು ಹಾಕುವುದೇ ಆಗಿರುತ್ತದೆ. ಆರ್-134ಎ ಓಜೋನ್ ಪದರವನ್ನು ಹಳೆಯ ಕಾರುಗಳ ಆರ್-12 ಗ್ಯಾಸಿನಂತೆ ಹಾಳುಮಾಡುವುದಿಲ್ಲ ನಿಜ, ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಭೂಮಿಯನ್ನು ಬಿಸಿಮಾಡುವ ಅದರ ಶಕ್ತಿ ಇಂಗಾಲದ ಡೈಆಕ್ಸೈಡಿನ ಸುಮಾರು 1,430 ಪಟ್ಟು. ಸಣ್ಣ ಕಾರಿನ ಅರ್ಧ ಕಿಲೋ ಗ್ಯಾಸ್ ಹೊರಗೆ ಬಿಟ್ಟರೆ 700 ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಇದನ್ನು ಹಂತಹಂತವಾಗಿ ತಗ್ಗಿಸಲು 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ದೇಶಗಳು ಒಪ್ಪಿಕೊಂಡಿವೆ. ಕೊಳವೆ ಬಿಚ್ಚಲೇಬೇಕಾದ ಸಂದರ್ಭದಲ್ಲಿ ಗ್ಯಾಸನ್ನು ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳುವ, ತೇವ ಹೀರುವ ರಿಸೀವರ್ ಡ್ರೈಯರ್ ಬದಲಿಸುವ, ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಹಾಕಿ ತೇವವನ್ನು ಪೂರ್ತಿ ತೆಗೆಯುವ ಜಾಗಕ್ಕೇ ಹೋಗಬೇಕು. ಒಳಗುಳಿದ ತೇವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ, ಬರಬರುತ್ತ ಆಮ್ಲವಾಗಿ ಲೋಹವನ್ನೂ ತಿನ್ನುತ್ತದೆ.

ಮಧ್ಯಾಹ್ನ ಎರಡರ ನಂತರ ಸೇಡಂ ರಸ್ತೆಯಲ್ಲಿ ಕಾರು ಓಡಿಸಿ, ಬರುವಾಗ ಸೂಪರ್ ಮಾರ್ಕೆಟ್ಟಿನ ಗದ್ದಲದಲ್ಲಿ ಬೇಕೆಂದೇ ನಿಧಾನವಾಗಿ ಬಂದೆ. ಕ್ಲಚ್ ಬಿಟ್ಟಾಗಲೆಲ್ಲ ಮತ್ತೆ ಕಚ್ಚಿಕೊಂಡಿತು, ಗಾಳಿ ತಂಪಾಗಿಯೇ ಉಳಿಯಿತು. ಲೋ ಸೈಡ್ ಹೋಸಿನ ಒಂದು ಜೋಡಣೆಯ ಬಳಿ ಧೂಳು ಅಂಟಿದ ಎಣ್ಣೆಯ ತೆಳುವಾದ ಗುರುತು ಕಂಡಿದೆ. ಕಂಪ್ರೆಸರ್ ಎಣ್ಣೆ ಗ್ಯಾಸಿನ ಜೊತೆಯಲ್ಲೇ ಹೊರಬರುವುದರಿಂದ ಅಲ್ಲಿ ಸಣ್ಣ ಸೋರಿಕೆ ಇರಬಹುದು. ಜಾಗವನ್ನು ಒರೆಸಿ ಸೋಪಿನ ನೀರು ಹಚ್ಚಿ ನೋಡಿದೆ, ಗುಳ್ಳೆ ಏಳಲಿಲ್ಲ. ಮುಂದಿನ ಭಾನುವಾರ ಇನ್ನೊಮ್ಮೆ ನೋಡಿ, ಎಣ್ಣೆ ಮತ್ತೆ ಜಿನುಗಿದ್ದರೆ ಅಲ್ಲಿನ ರಬ್ಬರ್ ಓ-ರಿಂಗ್ ಬದಲಿಸಲು ಕೊಡುತ್ತೇನೆ.