ಎರಡನೇ ರನ್

ನಮ್ಮ ಬಡಾವಣೆಯ ಭಾನುವಾರದ ಟೆನಿಸ್ ಬಾಲ್ ಪಂದ್ಯ. ನಲವತ್ತು ದಾಟಿದವನು, ಹೆಚ್ಚು ಓಡಿಸಬಾರದು ಅಂತ ನನ್ನನ್ನು ಲಾಂಗ್ ಆನ್‌ಗೆ ತಳ್ಳಿದ್ದರು. ಕೊನೇ ಬಾಲು, ಎದುರಾಳಿಗೆ ಎರಡು ರನ್ ಬೇಕು. ಚೆಂಡು ಉರುಳಿಕೊಂಡು ನೇರ ನನ್ನ ಕೈಗೇ ಬಂತು. ಅವರು ಒಂದು ರನ್ ಮುಗಿಸಿ ನನ್ನ ಕಡೆ ನೋಡುತ್ತಿದ್ದರು. ತೋಳಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಎತ್ತಿ ಎಸೆದೆ.

ಎಸೆತ ಚೆನ್ನಾಗಿಯೇ ಇತ್ತು. ತೆಂಗಿನ ಗರಿಯಷ್ಟು ಎತ್ತರಕ್ಕೆ ಹೋಗಿ, ಕೀಪರ್ ಕೈಗೇ ಇಳಿಯಿತು. ಅಷ್ಟರಲ್ಲಿ ಎರಡನೇ ರನ್ ಆಗಿಹೋಗಿತ್ತು. "ಅಣ್ಣಾ, ಚೆಂಡು ಎಸೆದ್ರಾ, ರಾಕೆಟ್ ಬಿಟ್ರಾ?" ಅಂದ ಕೀಪರ್.

ಮನೆಗೆ ಬಂದು ಅಣ್ಣನ ಮಗಳ ಮುಂದೆ ಗೋಳು ಹೇಳಿಕೊಂಡೆ. ಮೊದಲ ಪಿಯುಸಿ, ವಿಜ್ಞಾನ. "45 ಡಿಗ್ರಿಗೆ ಎಸೆದರೆ ದೂರ ಹೋಗುತ್ತೆ ಅಂತ ನಾವೂ ಓದಿದ್ವಲ್ಲ" ಅಂದೆ. "ಚಿಕ್ಕಪ್ಪ, ನಿಮಗೆ ದೂರ ಬೇಕಿತ್ತಾ, ಬೇಗ ಬೇಕಿತ್ತಾ?" ಅಂತ ಕೇಳಿ, ನನ್ನನ್ನು ಮಹಡಿಗೆ ಕರೆದೊಯ್ದಳು.

ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಸ್ಟೂಲಿನ ಮೇಲಿದ್ದ ತುಳಸಿ ಕುಂಡಕ್ಕೆ ಗುರಿಯಿಟ್ಟಳು. ಪೈಪು 30 ಡಿಗ್ರಿ ಓರೆಯಾಗಿದ್ದಾಗ ನೀರು ಕುಂಡಕ್ಕೆ ಬಿತ್ತು. ಮೇಲಕ್ಕೆತ್ತಿ 60 ಡಿಗ್ರಿ ಮಾಡಿದಾಗಲೂ ಅದೇ ಕುಂಡಕ್ಕೆ. ಆಮೇಲೆ ಪೈಪನ್ನು ಫಕ್ಕನೆ ಪಕ್ಕಕ್ಕೆ ಎಳೆದಳು. ತಗ್ಗಿನ ಧಾರೆ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಎತ್ತರದ್ದರಲ್ಲಿ ಪೈಪು ಆಚೆ ಹೋದ ಮೇಲೂ ನೀರಿನ ಕಮಾನೊಂದು ಗಾಳಿಯಲ್ಲೇ ಇತ್ತು. ಬಾಲ ಇಳಿದು ತುಳಸಿಗೆ ಬೀಳುವವರೆಗೆ ನಾನು ನೋಡುತ್ತಲೇ ನಿಂತಿದ್ದೆ. ಮೂರು ಸಲ ಮಾಡಿಸಿದೆ.

ಅಡ್ಡಕ್ಕೆ ಎಷ್ಟು ವೇಗವಿದ್ದರೂ ಗಾಳಿಯಲ್ಲಿರುವ ಹೊತ್ತು ಬದಲಾಗುವುದಿಲ್ಲವಂತೆ. ಅದನ್ನು ಹೇಳುವುದು ಮೇಲ್ಮುಖ ವೇಗ ಮಾತ್ರ. ಕೋನ ಏರಿದಂತೆಲ್ಲ ಅದು ಹೆಚ್ಚುತ್ತದೆ, ನೆಟ್ಟಗೆ ಮೇಲಕ್ಕೆ ಎಸೆದರೆ ಎಲ್ಲಕ್ಕಿಂತ ಹೆಚ್ಚು. ಅವಳು ನೋಟ್‌ಬುಕ್ಕಿನ ಹಿಂದೆ ನನ್ನ ಎಸೆತವನ್ನೇ ಲೆಕ್ಕ ಹಾಕಿದಳು: ಸೆಕೆಂಡಿಗೆ 22 ಮೀಟರ್ ವೇಗ, ದೂರ 40 ಮೀಟರ್. ಗಾಳಿಯ ತಡೆ ಬಿಟ್ಟರೆ 27 ಡಿಗ್ರಿಗೂ ತಲುಪುತ್ತದೆ, 63 ಡಿಗ್ರಿಗೂ ತಲುಪುತ್ತದೆ. ಮೊದಲನೆಯದಕ್ಕೆ 2 ಸೆಕೆಂಡು, ಎರಡನೆಯದಕ್ಕೆ 4. ಕ್ರೀಸಿನಿಂದ ಕ್ರೀಸಿಗೆ 18 ಮೀಟರಿಗಿಂತ ಸ್ವಲ್ಪ ಕಡಿಮೆ. ಆ 4 ಸೆಕೆಂಡಿನಲ್ಲಿ ನಾನೂ ಓಡಿಬಿಡುತ್ತಿದ್ದೆ. ಅದೇ ತೋಳು, ಅದೇ ಜೋರು. ಕೆಳಗೆ ಎಸೆದಿದ್ದರೆ ಸಾಕಿತ್ತು ಅನ್ನುವುದೇ ಹೊಟ್ಟೆ ಉರಿಸಿತು.

"ನೀರು ಬರೋದೇ ಎರಡು ದಿನಕ್ಕೊಂದ್ಸಲ, ಅಲ್ಲೇನು ಅಭಿಷೇಕ ನಡೆಸಿದ್ದೀರಾ?" ಕೆಳಗಿಂದ ಅಮ್ಮನ ಕೂಗು.

ಮುಂದಿನ ಭಾನುವಾರ ತಗ್ಗಾಗಿ ಎಸೆದೆ. ತೀರಾ ತಗ್ಗಾಯಿತು, ಕೀಪರ್ ಮುಂದೆ ಒಂದು ಪಿಚ್ ಬಿದ್ದೇ ಹೋಯಿತು. ಯಾರೂ ಔಟಾಗಲಿಲ್ಲ. ಆದರೆ ಎರಡನೇ ರನ್ನಿಗೆ ಹೊರಟವನು ನಡುದಾರಿಯಲ್ಲಿ ನಿಂತು, ತಿರುಗಿ ಓಡಿದ.