ಅಮ್ಮನ ಕುರ್ಚಿ ಎರಡು ಅಡಿ ಮುಂದಕ್ಕೆ

ಭಾನುವಾರ, 16 ಫೆಬ್ರವರಿ 2025

ಇವತ್ತು ಸ್ಪೀಕರ್ ಸರಿಸಿಯೇಬಿಟ್ಟೆ. ಒಂದು ತಿಂಗಳಿಂದ ಕೊರೆಯುತ್ತಿತ್ತು. ಮೃದಂಗದ ಎಡಗೈ ಪೆಟ್ಟು ಬಿದ್ದಾಗೆಲ್ಲ ಹಾಲ್ ತುಂಬಾ ಗುಂಯ್ ಅನ್ನೋದು. "ಸ್ವಲ್ಪ ಸಣ್ಣ ಮಾಡೋ" ಅನ್ನುತ್ತಿದ್ದಳು ಅಮ್ಮ. ಅವಳಿಗೆ ಸಂಗೀತವೇ ಬೇಡವಾಯಿತೇನೋ ಅಂತ ನನಗೆ ಸಂಕಟ.

ಜಾಗವೇ ತಪ್ಪಾಗಿತ್ತು. ಸ್ಪೀಕರ್‌ಗಳು ಮೂಲೆಗೆ ಒತ್ತಿಕೊಂಡಿದ್ದವು. ಅಮ್ಮನ ಕುರ್ಚಿ ಎದುರು ಗೋಡೆಗೆ. 12 ಅಡಿ ದೂರದ ಎರಡು ಗೋಡೆಗಳ ನಡುವೆ 47 ಹರ್ಟ್ಸ್, ಅದರ ದುಪ್ಪಟ್ಟು 94, ಇಂಥ ತಗ್ಗು ದನಿಗಳು ನಿಂತು ಊದಿಕೊಳ್ಳುತ್ತವೆ. ಗೋಡೆ ಪಕ್ಕದಲ್ಲೇ ಅದು ಜಾಸ್ತಿ. ಪಾಪ, ಅಲ್ಲೇ ಅವಳನ್ನು ಕೂರಿಸಿದ್ದೆ.

ಸ್ಪೀಕರ್ ಎರಡೂವರೆ ಅಡಿ ಮುಂದೆ ಬಂತು, ಕುರ್ಚಿ ಎರಡು ಅಡಿ. ಸ್ಪೀಕರ್‌ಗಳ ನಡುವೆ ಏಳೂವರೆ ಅಡಿ, ಒಂದೊಂದರಿಂದ ಅಮ್ಮನಿಗೂ ಅಷ್ಟೇ, ಮೂರೂ ಬದಿ ಸಮ ಇರುವ ತ್ರಿಕೋನ. ಟ್ವೀಟರ್, ಅಂದರೆ ಸ್ಪೀಕರ್‌ನಲ್ಲಿ ಕೀರಲು ದನಿ ಹೊರಡಿಸುವ ಭಾಗ, ಕಿವಿಯ ಎತ್ತರಕ್ಕೆ ಇರಬೇಕಲ್ವಾ, ಅದಕ್ಕೂ ಟೇಪ್ ಹಿಡಿದೆ. ಬ್ಲೌಸಿಗೆ ಅಳತೆ ಕೊಡುವಾಗಿನ ಹಾಗೆ ಅಲ್ಲಾಡದೆ ಕೂತಿದ್ದಳು. ನೆಲದಿಂದ ಕಿವಿಗೆ 34 ಇಂಚು.

ದೊರೆಸ್ವಾಮಿ ಅಯ್ಯಂಗಾರ್ ಅವರ ಹಳೆಯ ವೀಣೆ ರೆಕಾರ್ಡಿಂಗ್ ಹಾಕಿದೆ. ಮೋನೋ. ಎರಡೂ ಕಡೆ ಒಂದೇ ದನಿ. ಜೋಡಣೆ ಸರಿಯಿದ್ದರೆ ವೀಣೆ ಎರಡು ಡಬ್ಬಗಳನ್ನೂ ಬಿಟ್ಟು ನಟ್ಟನಡುವೆ ನಿಲ್ಲಬೇಕು.

"ಅಮ್ಮಾ, ವೀಣೆ ಎಲ್ಲಿ ಕೇಳಿಸ್ತಿದೆ?"

ಕಣ್ಣು ಮುಚ್ಚಿಕೊಂಡೇ ಬೆರಳು ತೋರಿಸಿದಳು. ಗೋಡೆಯ ನಟ್ಟನಡುವಿನ ಕ್ಯಾಲೆಂಡರಿಗಿಂತ ಒಂದು ಗೇಣು ಎಡಕ್ಕೆ. ಅಳೆದರೆ ಎಡಗಡೆಯ ಸ್ಪೀಕರ್ ಅವಳಿಗೆ ಒಂದೂವರೆ ಇಂಚು ಹತ್ತಿರ ಇತ್ತು! ಹಿಂದಕ್ಕೆ ಸರಿಸಿದೆ.

"ಈಗ?"

"ಕ್ಯಾಲೆಂಡರ್ ಮೇಲೇ ಕೂತು ನುಡಿಸ್ತಿದಾರೆ ಕಣೋ."

ಗಮಕದಲ್ಲಿ ತಂತಿ ಎಳೆದು ಬಿಡುವ ಸದ್ದು ಕೂಡ ಬಿಡಿಬಿಡಿಯಾಗಿ ಕೇಳುತ್ತಿತ್ತು. ಅರ್ಧ ಗಂಟೆ ಆದರೂ ಅವಳು ಸಣ್ಣ ಮಾಡು ಅನ್ನಲಿಲ್ಲ. ಆಮೇಲೆ ಕಣ್ಣು ಬಿಟ್ಟು, "ನೀನ್ಯಾಕೆ ನಿಂತೇ ಇದೀಯ? ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕ್ಕೋ" ಅಂದಳು.

ತ್ರಿಕೋನದ ಆ ತುದಿಯಲ್ಲಿ ಒಬ್ಬರಿಗೇ ಜಾಗ. ಏನು ಹೇಳಲಿ? ಸುಮ್ನೆ ಅವಳ ಕಾಲ ಹತ್ತಿರ ನೆಲದ ಮೇಲೆ ಕೂತೆ. ಅಲ್ಲಿ ಅಷ್ಟು ಚೆನ್ನಾಗಿ ಕೇಳಿಸಲಿಲ್ಲ. ಎದ್ದು ಹೋಗಲು ಮನಸ್ಸೂ ಬರಲಿಲ್ಲ.

ಸ್ಪೀಕರ್ ಮುಖ ಇನ್ನೂ ಒಳಕ್ಕೆ ತಿರುಗಿಸಿ, ಎರಡರ ನೋಟ ನಮ್ಮ ಮುಂದೆಯೇ ಕೂಡುವ ಹಾಗೆ ಇಟ್ಟರೆ ಇಬ್ಬರಿಗೂ ಸುಮಾರಾಗಿ ಹೊಂದುತ್ತದೆ. ನಾಳೆ ಆಫೀಸಿನಿಂದ ಬಂದು ನೋಡಬೇಕು. ಎರಡನೇ ಕುರ್ಚಿ ಮಾತ್ರ ಅಡುಗೆಮನೆ ಬಾಗಿಲಿಗೆ ಅಡ್ಡ ಬರುತ್ತೆ.