ಹುಡುಗಿ ಕೇಳಿದ್ದು ಬಂಗುಡೆ

ಜೂನ್ ಮೂರನೇ ವಾರ. ಮಳೆ ಬಿಡದೆ ಹೊಡೆಯುತ್ತಿತ್ತು. ಮಲ್ಪೆಯಿಂದ ಬಂದ ಅಣ್ಣ ಪೇಪರಿನಲ್ಲಿ ಸುತ್ತಿದ್ದ ಒಂದು ಬಂಗುಡೆಯನ್ನು ನನ್ನ ಕೆಲಸದ ಮೇಜಿನ ಮೇಲೆ ಬಿಚ್ಚಿಟ್ಟರು.

“ಅಂದಾಜಲ್ಲಿ ಮಾಡುವುದು ಬೇಡ ಅಕ್ಕ. ಇದರದ್ದೇ ಅಳತೆ ತೆಗೆಯಿರಿ.”

ಅವರ ಪಕ್ಕದಲ್ಲಿ ಮಗಳು ನಿಂತಿದ್ದಳು. ಎಂಟನೇ ಕ್ಲಾಸು. ಫೋನಿನಲ್ಲಿ ವಿಡಿಯೋ ನೋಡಿ, ಗೆಳತಿಯ ಯುಕುಲೇಲೆ (ಪುಟ್ಟ ಗಿಟಾರಿನಂಥ ನಾಲ್ಕು ತಂತಿಯ ವಾದ್ಯ) ತಂದು, ನಾಲ್ಕಾರು ಹಾಡು ಕಲಿತಿದ್ದಳು. ಈಗ ಸ್ವಂತದ್ದು ಬೇಕು. ಅದು ಬಂಗುಡೆಯ ಹಾಗೇ ಇರಬೇಕು. ನೋಟ್‌ಬುಕ್ಕಿನ ಹಾಳೆಯಲ್ಲಿ ಚಿತ್ರ ಬರೆದು ತಂದಿದ್ದಳು. ಕವಲೊಡೆದ ಬಾಲ, ಬೆನ್ನಿನ ಕಪ್ಪು ಗೆರೆ, ಬಾಲದ ಹತ್ತಿರ ಮೇಲೆ ಐದು ಕೆಳಗೆ ಐದು ಪುಟ್ಟ ರೆಕ್ಕೆ. ಯಾವುದನ್ನೂ ಬಿಟ್ಟಿರಲಿಲ್ಲ. ಮೀನುಗಾರರ ಮನೆಯ ಮಗು, ಅದರ ಕಣ್ಣಿಗೆ ತಪ್ಪುತ್ತದಾ?

ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟು ಕಡಲಿಗೆ ಇಳಿಯುವ ಹಾಗಿಲ್ಲ. ಆ ಅಣ್ಣ ಬೋಟಿನಲ್ಲಿ ದುಡಿಯುವವರು, ಹಾಗಾಗಿ ಮನೆಯಲ್ಲೇ ಇದ್ದರು. ಬಂಗುಡೆ ನಾಡದೋಣಿಯವರು ಹಿಡಿದದ್ದು. “ಆಗಸ್ಟ್ ಒಂದಕ್ಕೆ ನಾನು ಹೊರಡುತ್ತೇನೆ. ಅದರೊಳಗೆ ಆಗ್ತದಾ?” ಎಂದರು. ಆಗ್ತದೆ ಎಂದೆ.

ನನ್ನ ಶೆಡ್ಡು ಉಡುಪಿಯ ಕಲ್ಯಾಣಪುರದಲ್ಲಿದೆ. ಅಪ್ಪ ಇಲ್ಲಿ ಬಾಗಿಲು, ಕಿಟಕಿ, ತೊಟ್ಟಿಲು ಮಾಡುತ್ತಿದ್ದರು. ಅವರ ಉಳಿ, ಕೀಸುಳಿಗಳೇ ಈಗ ನನ್ನ ಕೈಯಲ್ಲಿವೆ. ಯುಕುಲೇಲೆ ಮಾಡುವುದು ಬಡಗಿಯ ಮಗಳಿಗೆ ದೂರದ ಕೆಲಸ ಅಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆ ವಾದ್ಯ ಹುಟ್ಟಿದ್ದೇ ಬಡಗಿಗಳ ಕೈಯಲ್ಲಿ. 1879ರ ಆಗಸ್ಟ್‌ನಲ್ಲಿ ಪೋರ್ಚುಗೀಸರ ಮದೀರಾ ದ್ವೀಪದಿಂದ ಕಬ್ಬಿನ ತೋಟದ ಕೆಲಸಕ್ಕೆಂದು ಜನ ತುಂಬಿಕೊಂಡು ‘ರೇವನ್ಸ್‌ಕ್ರಾಗ್’ ಎಂಬ ಹಡಗು ಹವಾಯಿಯ ಹೊನೊಲುಲುಗೆ ಬಂತು. ಅದರಲ್ಲಿ ಮೂವರು ಮರಗೆಲಸದವರಿದ್ದರು: ಮ್ಯಾನುಯಲ್ ನೂನೆಸ್, ಆಗಸ್ಟೋ ಡಿಯಾಸ್, ಜೋಸ್ ದೊ ಎಸ್ಪಿರಿಟೊ ಸ್ಯಾಂಟೊ. ತಮ್ಮೂರಿನ ‘ಮಶೆಟ್’ ಎಂಬ ಪುಟ್ಟ ತಂತಿವಾದ್ಯವನ್ನು ಅವರು ಅಲ್ಲಿಯ ‘ಕೋವಾ’ ಮರದಲ್ಲಿ ಮಾಡತೊಡಗಿದರು. ಅದೇ ಯುಕುಲೇಲೆ ಆಯಿತು. ಕೋವಾ ಅಂದರೆ ಅಕೇಶಿಯಾ ಜಾತಿಯ ಮರ. ನಮ್ಮ ಕರಾವಳಿಯ ಗುಡ್ಡಗಳಲ್ಲಿ ನೆಟ್ಟಿರುವ ಅಕೇಶಿಯಾದ ದೂರದ ದಾಯಾದಿ! ನಮ್ಮಲ್ಲಿ ಅದನ್ನು ಸೌದೆಗೆ ಕಡಿಯುತ್ತಾರೆ. ಒಂದು ದಿನ ಅದರಲ್ಲೂ ಮಾಡಿ ನೋಡಬೇಕು ಎಂಬ ಆಸೆ ನನಗಿದೆ.

ಬೇರೆ ಬೇರೆ ಆಕಾರ ಎಂಬುದೂ ಹೊಸ ಹುಚ್ಚಲ್ಲ. ಹವಾಯಿಯಲ್ಲೇ ಸ್ಯಾಮ್ಯುಯಲ್ ಕಮಾಕ ಎಂಬವರು 1920ರ ದಶಕದಲ್ಲಿ ನಡು ಇಲ್ಲದ, ಅನಾನಸಿನ ಹಾಗೆ ಉರುಟಾದ ಯುಕುಲೇಲೆ ಮಾಡಿದರು. ಇವತ್ತಿಗೂ ಜನ ಅದನ್ನು ಬಯಸಿ ಕೊಳ್ಳುತ್ತಾರೆ. ಆದರೆ ಅನಾನಸು ದಪ್ಪ ಹಣ್ಣು. ಬಂಗುಡೆ ಹಾಗಲ್ಲ.

ಮೀನನ್ನು ಹಾಳೆಯ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದೆ. ಉದ್ದ 22 ಸೆಂಟಿಮೀಟರ್, ಅಗಲ ಐದೂವರೆ. ನಾಲ್ಕಕ್ಕೆ ಒಂದು. ಕೆಲಸ ಮುಗಿದ ಮೇಲೆ ಅಣ್ಣ ಮೀನನ್ನು ಮತ್ತೆ ಸುತ್ತಿಕೊಂಡರು. ಮಧ್ಯಾಹ್ನದ ಸಾರಿಗೆ ಅದು ಬೇಕಿತ್ತು.

ಕಷ್ಟ ಶುರುವಾದದ್ದು ಆಮೇಲೆ. ವಾದ್ಯದ ಹೊರಗಿನ ಗೆರೆಯನ್ನು ಹೇಗೆ ಬೇಕಾದರೂ ಬಾಗಿಸಬಹುದು. ತಂತಿಯ ಉದ್ದವನ್ನು ಬಾಗಿಸಲಾಗುವುದಿಲ್ಲ. ಅವಳ ಕೈಗೆ ಒಗ್ಗಿದ್ದು ಯುಕುಲೇಲೆಯ ಗಾತ್ರಗಳಲ್ಲಿ ಒಂದಾದ ಕನ್ಸರ್ಟ್ ಅಳತೆ. ಮೇಲೆ ತಂತಿ ಹಾದು ಬರುವ ಪಟ್ಟಿ, ಅಂದರೆ ನಟ್‌ನಿಂದ ಕೆಳಗೆ ತಂತಿ ಕೂರುವ ಬ್ರಿಡ್ಜ್‌ವರೆಗೆ 381 ಮಿಲಿಮೀಟರ್. ಅದನ್ನು 17.817ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ, ಅಂದರೆ ಸ್ವರ ಹಿಡಿಯಲು ತಂತಿಯಡಿ ಕೂರುವ ಲೋಹದ ಗೆರೆಯ, ಜಾಗ ಸಿಗುತ್ತದೆ: 21.4 ಮಿಲಿಮೀಟರ್. ಉಳಿದ ಉದ್ದವನ್ನು ಮತ್ತೆ ಅದೇ ಲೆಕ್ಕದಲ್ಲಿ ಭಾಗಿಸಿದರೆ ಎರಡನೆಯದು. ಹೀಗೆ ಹೋಗಿ 12ನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಮೀನಾಗಲಿ, ದೋಣಿಯಾಗಲಿ, ಈ ಲೆಕ್ಕ ಬದಲಾಗದು.

ಇನ್ನೊಂದು ವಿಷಯ ಬ್ರಿಡ್ಜ್ ಕೂರುವ ಜಾಗ. ತಂತಿ ಮೀಟಿದಾಗ ಬ್ರಿಡ್ಜ್ ಅಲುಗುತ್ತದೆ, ಅದರ ಕೆಳಗಿನ ತೆಳ್ಳಗಿನ ಹಲಗೆಯನ್ನೂ ಅಲುಗಿಸುತ್ತದೆ. ನಾವು ಕೇಳುವ ಸ್ವರದ ಬಹುಪಾಲು ಆ ಹಲಗೆಯದ್ದು. ಹಾಗಾಗಿ ಅಲ್ಲಿ ಅಗಲ ಬೇಕು. ಅವಳ ಚಿತ್ರದಲ್ಲಿ ಮೀನಿನ ತಲೆ ಮೇಲಿತ್ತು, ಬಾಲ ಕೆಳಗಿತ್ತು. ಹಾಗೇ ಪ್ಲೈವುಡ್‌ನಲ್ಲಿ ಒಂದು ಕಚ್ಚಾ ಪೆಟ್ಟಿಗೆ ಮಾಡಿ ತಂತಿ ಕಟ್ಟಿದೆ. ಬ್ರಿಡ್ಜ್ ಹೋಗಿ ಕೂತದ್ದು ಬಾಲದ ಕಡೆಯ ಸಪೂರ ಜಾಗದಲ್ಲಿ. ಸ್ವರ ಸೊಳ್ಳೆಯ ಗುಂಯ್ ಎನ್ನುವಷ್ಟೇ.

ಮೀನನ್ನು ತಿರುಗಿಸಿದೆ. ಬಾಲ ಮೇಲೆ, ವಾದ್ಯದ ಕತ್ತಿನ ಕಡೆಗೆ. ತಲೆ ಕೆಳಗೆ. ಈಗ ಬ್ರಿಡ್ಜ್ ಹೊಟ್ಟೆಯ ಮೇಲೆ ಬಂತು. ಆದರೂ ಬಂಗುಡೆಯ ಲೆಕ್ಕದಲ್ಲಿ 29 ಸೆಂಟಿಮೀಟರ್ ಉದ್ದದ ಪೆಟ್ಟಿಗೆಗೆ ಸಿಗುವ ಅಗಲ ಏಳು ಸೆಂಟಿಮೀಟರ್ ಚಿಲ್ಲರೆ. ಸಾಮಾನ್ಯ ಕನ್ಸರ್ಟ್ ಯುಕುಲೇಲೆಗೆ ಅಲ್ಲಿ 20ರ ಹತ್ತಿರ ಇರುತ್ತದೆ. ನಾನು 19 ಇಟ್ಟು ರಟ್ಟಿನಲ್ಲಿ ಕತ್ತರಿಸಿ ಹುಡುಗಿಗೆ ತೋರಿಸಿದೆ.

ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಅಕ್ಕ, ಇದು ಬಂಗುಡೆ ಅಲ್ಲ. ಮಾಂಜಿ.”

ನಿಜ. ರಟ್ಟಿನಲ್ಲಿ ಇದ್ದದ್ದು ಅಗಲ ಮೈಯ ಮಾಂಜಿ ಮೀನೇ. ಅವಳ ಅಪ್ಪ, “ಇರಲಿ ಮಗಾ, ಮಾಂಜಿಗೆ ರೇಟು ಜಾಸ್ತಿ” ಎಂದು ನಕ್ಕರು. ಅವಳು ನಗಲಿಲ್ಲ. “ನನಗೆ ಬಂಗುಡೆಯೇ ಬೇಕು” ಎಂದಳು. ನನಗೆ ಅವಳ ಹಟ ಇಷ್ಟವಾಯಿತು. ಮೀನಿನ ಹೆಸರಿನಲ್ಲಿ ಏನೋ ಒಂದು ಕೊಟ್ಟು ಕಳಿಸಿದರೆ ಅದು ಅಂಗಡಿಯ ಆಟಿಕೆಯಾಗುತ್ತದೆ. ಹಾಗೆಯೇ ಬಂಗುಡೆಯಂತೆ ಕಂಡು ಸ್ವರ ಇಲ್ಲದಿದ್ದರೂ ಅದು ಆಟಿಕೆಯೇ.

ಎರಡು ರಾತ್ರಿ ಅದರದ್ದೇ ಯೋಚನೆ. ಕೊನೆಗೆ ಅಗಲವನ್ನು 15ಕ್ಕೆ ಇಳಿಸಿದೆ. ಅಗಲದಲ್ಲಿ ಹೋದದ್ದನ್ನು ಆಳದಲ್ಲಿ ತುಂಬಿದೆ. ಸಾಮಾನ್ಯವಾಗಿ ಆರು ಸೆಂಟಿಮೀಟರ್ ಆಳ ಇರುವ ಪೆಟ್ಟಿಗೆಯನ್ನು ಎಂಟು ಮಾಡಿದೆ. ಒಳಗಿನ ಗಾಳಿ ಕಡಿಮೆಯಾಗಬಾರದು ಎಂಬ ಲೆಕ್ಕ. ಎದುರಿನಿಂದ ನೋಡಿದರೆ ಮೊಟ್ಟೆ ತುಂಬಿದ ಬಂಗುಡೆ. ಹುಡುಗಿ ಈ ಸಲ ತಲೆ ಆಡಿಸಿದಳು.

ಮರ ಹಲಸು. ನಮ್ಮ ಊರಲ್ಲಿ ಹಳೆಯ ಮನೆಯೊಂದನ್ನು ಕೆಡವಿದಾಗ ಸಿಕ್ಕಿದ ಜಂತಿಯ ತುಂಡು. ಹಲಸಿನಿಂದ ವೀಣೆ ಆಗುತ್ತದೆ, ಮದ್ದಳೆ ಆಗುತ್ತದೆ, ಯುಕುಲೇಲೆ ಯಾಕಾಗಬಾರದು? ಹಳೆಯ ಹಲಸು ಹೊರಗೆ ಕಂದು, ಕೀಸಿದರೆ ಒಳಗೆ ಅರಿಶಿನ. ವಾದ್ಯದ ಕುತ್ತಿಗೆಗೆ ತೇಗ, ಫ್ರೆಟ್ ಕೂರುವ ಪಟ್ಟಿಗೆ ಬೀಟೆ.

ಆದರೆ ನಮ್ಮ ಮಳೆಗಾಲ ಮರಗೆಲಸಕ್ಕೆ ಶತ್ರು. ಶೆಡ್ಡಿನಲ್ಲಿ ಗಾಳಿಯ ತೇವ ಅಳೆಯುವ ಮೀಟರ್ ಇಟ್ಟಿದ್ದೇನೆ. ಜುಲೈಯಲ್ಲಿ ಅದು ಶೇಕಡಾ 88ರ ಕೆಳಗೆ ಇಳಿಯುವುದೇ ಅಪರೂಪ. ಉಬ್ಬಿದ ಹಲಗೆಯನ್ನು ಹಾಗೇ ಅಂಟಿಸಿದರೆ ಫೆಬ್ರವರಿಯ ಒಣ ಗಾಳಿಗೆ ಅದು ಕುಗ್ಗುತ್ತದೆ, ಸೀಳುತ್ತದೆ. ಅದಕ್ಕೆ ಹಳೆಯ ಕಪಾಟಿನೊಳಗೆ 60 ವಾಟಿನ ಬಲ್ಬು ಹಾಕಿ ಒಣಗಿಸುವ ಗೂಡು ಮಾಡಿದ್ದೇನೆ. ಹಲಗೆಗಳು ಅಲ್ಲಿ ವಾರಗಟ್ಟಲೆ ಕೂರುತ್ತವೆ. ಅಂಟಿಸುವ ಹೊತ್ತಿಗೆ ಹೊರಗೆ ತೆಗೆದು, ಬಿಗಿದು, ಮತ್ತೆ ಒಳಗೆ.

ಪಕ್ಕದ ಪಟ್ಟಿ ಬಾಗಿಸುವುದರಲ್ಲೇ ಇಡೀ ದಿನ ಹೋಯಿತು. ಅಪ್ಪ ಬೇಕಾದ ಬಾಗನ್ನು ಕಟ್ಟಿಗೆಯಲ್ಲಿ ಕೊಯ್ದು ತೆಗೆಯುತ್ತಿದ್ದರು, ಹೀಗೆ ಬಿಸಿಯಲ್ಲಿ ಬಾಗಿಸಿದ್ದನ್ನು ನಾನು ನೋಡಿಲ್ಲ. ನಾನು ಕಬ್ಬಿಣದ ಪೈಪಿನೊಳಗೆ ಬೆಂಕಿ ಕೊಟ್ಟು, ಎರಡು ಮಿಲಿಮೀಟರ್ ದಪ್ಪದ ಪಟ್ಟಿಗೆ ನೀರು ಸವರಿ, ಪೈಪಿಗೆ ಒತ್ತುತ್ತೇನೆ. ಚುಂಯ್ ಎನ್ನುತ್ತದೆ, ಹಬೆ ಏಳುತ್ತದೆ. ಒತ್ತಿದ ಕೈಗೆ ಮರ ಗಟ್ಟಿಯಾಗಿ ಎದುರು ನಿಂತಂತೆ ಅನ್ನಿಸುತ್ತಿರುತ್ತದೆ. ಆಮೇಲೆ ಒಂದು ಕ್ಷಣದಲ್ಲಿ ಮೆತ್ತಗಾಗುತ್ತದೆ. ಆ ಕ್ಷಣಕ್ಕೆ ಕಾಯಬೇಕು. ಹೊಟ್ಟೆಯ ಬಾಗು ಸುಲಭವಾಗಿ ಬಂತು. ಬಾಲದ ಬುಡದಲ್ಲಿ ಗೆರೆ ಒಳಗಿನಿಂದ ಹೊರಗೆ ತಿರುಗುತ್ತದಲ್ಲ, ಅಲ್ಲಿ ಮೊದಲ ಪಟ್ಟಿ ಟಪ್ಪೆಂದು ಮುರಿಯಿತು. ಎರಡನೆಯದೂ ಮುರಿಯಿತು. ಮೂರನೆಯದನ್ನು ಆ ಜಾಗದಲ್ಲಿ ಮಾತ್ರ ಒಂದೂವರೆ ಮಿಲಿಮೀಟರಿಗೆ ಕೀಸಿ ಬಾಗಿಸಿದೆ. ನಿಂತಿತು. ಸಂಜೆ ನಾಲ್ಕಕ್ಕೆ ಊಟ ಮಾಡಿದೆ.

ಸ್ವರದ ತೂತು ಎಲ್ಲಿ ಎಂಬ ಪ್ರಶ್ನೆಗೆ ಉತ್ತರ ಹುಡುಗಿಯ ಚಿತ್ರದಲ್ಲೇ ಇತ್ತು. ಕಣ್ಣನ್ನೇ ತೂತು ಮಾಡಿದರೆ ಅಷ್ಟು ದೊಡ್ಡ ಕಣ್ಣಿಗೆ ಅದು ಗೂಬೆಯಾಗುತ್ತದೆ. ನಡುವೆ ದುಂಡು ತೂತು ಕೊರೆದರೆ ಮೀನಿನ ಮೈ ಕೆಡುತ್ತದೆ. ಬಾಲದ ಹತ್ತಿರದ ಹತ್ತು ಪುಟ್ಟ ರೆಕ್ಕೆಗಳನ್ನೇ ತೂತು ಮಾಡಿದೆ. ಬ್ರಿಡ್ಜಿನಿಂದ ದೂರ, ಹಲಗೆ ಹೆಚ್ಚು ಅಲುಗದ ಜಾಗ. ಮೊದಲು ಚಿಕ್ಕದಾಗಿ ಕೊರೆದು, ಹಲಗೆಯನ್ನು ಬೆರಳಿನಿಂದ ತಟ್ಟಿ ಕೇಳುತ್ತಾ, ಸಣ್ಣ ಅರದಿಂದ ಸ್ವಲ್ಪ ಸ್ವಲ್ಪವೇ ಅಗಲ ಮಾಡಿದೆ. ತೂತು ದೊಡ್ಡದಾದಷ್ಟೂ ಒಳಗಿನ ಗಾಳಿಯ ಸ್ವರ ಮೇಲೇರುತ್ತದೆ. ಎಲ್ಲಿ ನಿಲ್ಲಿಸಬೇಕು ಎಂದು ಕಿವಿಯೇ ಹೇಳಬೇಕು. ಕಣ್ಣಿಗೆ ಹುಡುಗಿ ಮಲ್ಪೆ ತೀರದಿಂದ ಆಯ್ದು ತಂದ ಚಿಪ್ಪು.

ಜುಲೈ 29ಕ್ಕೆ ತಂತಿ ಕಟ್ಟುವ ಕೆಲಸ. ಅಪ್ಪ ಮಗಳು ಬೆಳಿಗ್ಗೆಯೇ ಬಂದು ಕೂತಿದ್ದರು. ನಾಲ್ಕು ತಂತಿಗೆ ನಾಲ್ಕು ಸ್ವರ: ಜಿ, ಸಿ, ಇ, ಎ. ಮೇಲಿನ ಜಿ ತಂತಿ ಕೆಳಸ್ವರದ್ದಲ್ಲ, ಸಿಗಿಂತ ಎತ್ತರದ್ದು. ಯುಕುಲೇಲೆಯ ಆ ಚುರುಕು ಬರುವುದೇ ಅದರಿಂದ. ಹೊಸ ನೈಲಾನ್ ತಂತಿ ಎಳೆದಷ್ಟೂ ಸಡಿಲಾಗುತ್ತದೆ. ಬಿಗಿದೆ, ಇಳಿಯಿತು, ಮತ್ತೆ ಬಿಗಿದೆ. 12ನೇ ಫ್ರೆಟ್ಟಿನ ಮೇಲೆ ಬೆರಳು ಸುಮ್ನೆ ತಾಗಿಸಿ ಮೀಟಿದೆ. ಅಲ್ಲೇ ಒತ್ತಿ ಮೀಟಿದೆ. ಎರಡೂ ಒಂದೇ ಸ್ವರ. ಒತ್ತಿದಾಗ ತಂತಿ ಬಿಗಿದು ಸ್ವರ ಏರಬಾರದೆಂದು ಬ್ರಿಡ್ಜನ್ನು ಲೆಕ್ಕಕ್ಕಿಂತ ಎರಡು ಮಿಲಿಮೀಟರ್ ಹಿಂದೆ ಕೂರಿಸಿದ್ದು ಸಾರ್ಥಕವಾಯಿತು.

ಹುಡುಗಿಗೆ ಕೊಟ್ಟೆ. ಅವಳು ಒಂದು ಬೆರಳಿನಿಂದ ಸಿ ಕಾರ್ಡ್ ಹಿಡಿದು ನಾಲ್ಕೂ ತಂತಿ ಎಳೆದಳು. ಅಂಗಡಿಯ ಯುಕುಲೇಲೆಯಷ್ಟು ಅಬ್ಬರ ಇಲ್ಲ. ಸ್ವಲ್ಪ ತಗ್ಗಿದ, ಒಳಗಿನಿಂದ ಬರುವ ದುಂಡಗಿನ ಸ್ವರ. ನನಗೆ ಕಣ್ಣು ತುಂಬಿತು. ಅಣ್ಣ ಹೆಂಚಿನ ಮೇಲೆ ಬೀಳುತ್ತಿದ್ದ ಮಳೆಯ ನಡುವೆ ಕೇಳಲೆಂದು ಹತ್ತಿರ ಬಗ್ಗಿದರು.

ಆಮೇಲೆ ಅವಳು ಹಾಡಿನ ಮಟ್ಟು ನುಡಿಸಲು ಕೈಯನ್ನು ಕೆಳಗೆ ಜಾರಿಸಿದಳು. ಎಂಟನೇ ಫ್ರೆಟ್ ದಾಟಿದೊಡನೆ ಬಾಲದ ಕೆಳಗಿನ ತುದಿ ಅವಳ ಅಂಗೈಗೆ ಚುಚ್ಚಿತು. ಇನ್ನೊಮ್ಮೆ ನೋಡಿದಳು. ಮತ್ತೆ ಚುಚ್ಚಿತು. ನನ್ನ ಕೈ ದೊಡ್ಡದು, ನನಗೆ ಅದು ತಗಲಿರಲಿಲ್ಲ. ಅವಳ ಕೈಯಲ್ಲಿಟ್ಟು ನೋಡಬೇಕಿತ್ತು, ನೋಡಿರಲಿಲ್ಲ. ಬಾಲಕ್ಕೆ ಉಳಿ ಹಾಕಲು ನಾನು ಬಾಯಿ ಬಿಟ್ಟು ಕೇಳಲಾರದೆ ನಿಂತಿದ್ದೆ. ಆ ಬಾಲಕ್ಕಾಗಿ ಅಲ್ವಾ ಅವಳು ಮಾಂಜಿ ಬೇಡ ಎಂದದ್ದು?

“ತುದಿ ತೆಗೆಯಿರಿ ಅಕ್ಕ” ಎಂದು ಅವಳೇ ಹೇಳಿದಳು.

“ಬಾಲ ಗಿಡ್ಡ ಆಗ್ತದೆ.”

ಅಣ್ಣ ಅಂದರು, “ಬಲೆಯಿಂದ ಬಿಡಿಸುವಾಗ ಎಷ್ಟು ಬಂಗುಡೆಯ ಬಾಲ ಹರಿದಿರ್ತದೆ ಗೊತ್ತುಂಟಾ?”

ತಂತಿ ಸಡಿಲಿಸಿ, ವಾದ್ಯವನ್ನು ಬಟ್ಟೆಯ ಮೇಲೆ ಮಲಗಿಸಿ, ಅಪ್ಪನ ಚಿಕ್ಕ ಗರಗಸದಿಂದ 12 ಮಿಲಿಮೀಟರ್ ತೆಗೆದೆ. ಅಂಚನ್ನು ಸ್ಯಾಂಡ್ ಪೇಪರಿನಿಂದ ಅವಳೇ ಉಜ್ಜಿದಳು, ಕೈಗೆ ತಾಗಿಸಿ ನೋಡುತ್ತಾ, ಮತ್ತೆ ಉಜ್ಜುತ್ತಾ. ಕೊಯ್ದ ತುಂಡನ್ನು ಎತ್ತಿ ಅಂಗಿಯ ಕಿಸೆಗೆ ಹಾಕಿಕೊಂಡ ಅಣ್ಣ, ಅದು ಬೋಟಿನಲ್ಲಿರಲಿ ಎಂದರು. ನಾನು ತಂತಿಗಳನ್ನು ಮತ್ತೆ ಬಿಗಿಯತೊಡಗಿದೆ.